ಆರು ಗಂಟೆಯ ಮುಖ

"ಖಾಲಿ ಹೊಟ್ಟೇಲಿ ಬಂದಿದೀರಾ?"

"ಹೌದು."

"ಟೀ ಕೂಡ ಕುಡಿದಿಲ್ಲ?"

"ಇಲ್ಲ."

"ಸಕ್ಕರೆ ಎಷ್ಟು ಚಮಚ?"

"ಎರಡು," ಎಂದುಬಿಟ್ಟ ಕಲಾವಿದ, ಆಮೇಲೆ ನಾಲಿಗೆ ಕಚ್ಚಿಕೊಂಡ.

ಅವಳು ಸೂಜಿಯನ್ನು ಟ್ರೇಯಲ್ಲಿಟ್ಟು, ಅವನ ತೋಳಿಗೆ ಕಟ್ಟಿದ್ದ ರಬ್ಬರ್ ಪಟ್ಟಿ ಬಿಚ್ಚಿದಳು. ಒಂಬತ್ತು ವರ್ಷಗಳಿಂದ ಅದೇ ಲ್ಯಾಬಿನಲ್ಲಿ ರಕ್ತ ತೆಗೆಯುತ್ತಿದ್ದವಳಿಗೆ ಇಂಥ ಸುಳ್ಳು ದಿನಕ್ಕೆ ಹತ್ತು ಸಿಗುತ್ತಿದ್ದವು. "ನಾಳೆ ಬನ್ನಿ," ಎಂದಳು, ಮುಖವೆತ್ತದೆ.

ಮರುದಿನವೂ ಅವನು ಟೀ ಕುಡಿದೇ ಹೋದ. ಅದರ ಮರುದಿನವೂ. ನಾಲ್ಕನೆಯ ದಿನ ಅವಳು ನಗು ತಡೆದುಕೊಳ್ಳಲಾಗದೆ, "ದಿನಾ ಬರೋದಕ್ಕೆ ಬೇರೆ ನೆಪ ಹುಡುಕ್ರಿ, ಇದು ಹಳೇದಾಯ್ತು," ಎಂದಳು.

"ನೆಪ ಅಲ್ಲ, ಕೆಲಸ ಇದೆ. ನಿಮ್ಮ ಚಿತ್ರ ಬರೀಬೇಕು."

"ನಂದಾ? ನಾನೇ ಕನ್ನಡಿ ಮುಂದೆ ಎರಡು ನಿಮಿಷ ನಿಲ್ಲಲ್ಲ!"

ಅವನು ಅವಳನ್ನು ಮೊದಲು ನೋಡಿದ್ದು ಲ್ಯಾಬಿನ ಒಳಗಲ್ಲ, ಹೊರಗೆ. ಬಾಗಿಲು ತೆರೆಯುವುದು ಏಳಕ್ಕೆ. ಆರು ಗಂಟೆಗೇ ಅವಳು ಮೆಟ್ಟಿಲ ಮೇಲೆ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮೊಬೈಲ್ ನೋಡುತ್ತಿರಲಿಲ್ಲ, ಯಾರಿಗೂ ಕಾಯುತ್ತಿರಲಿಲ್ಲ. ಸುಮ್ಮನೆ ಯೋಚಿಸುತ್ತಿದ್ದಳು. ಆ ಮುಖ ಕಂಡದ್ದೇ ತಡ, ಅವನ ಬೆರಳುಗಳು ಜೇಬಿನೊಳಗೇ ಕುಂಚ ಹಿಡಿದವು.

ಅವಳು ಒಪ್ಪಿದ್ದು ಚಿತ್ರದ ಆಸೆಗಲ್ಲ. ಮನೆಯಲ್ಲಿ ಅಮ್ಮ, ಅಣ್ಣ, ಅತ್ತಿಗೆ, ಅತ್ತಿಗೆಯ ಅವಳಿ ಮಕ್ಕಳು. ಬಚ್ಚಲುಮನೆಯಲ್ಲೂ ಯಾರಾದರೂ ಬಾಗಿಲು ತಟ್ಟುತ್ತಿದ್ದರು. ಮೆಟ್ಟಿಲ ಮೇಲಿನ ಆ ಒಂದು ಗಂಟೆಯೇ ಅವಳ ಆಸ್ತಿ. ಅದನ್ನು ಅವನ ಕೋಣೆಯ ಕುರ್ಚಿಯಲ್ಲಿ ಸುಮ್ಮನೆ ಕೂತು ಕಳೆದರೂ ಆದೀತು. "ಮಾತಾಡಿಸಬಾರದು, ಅಷ್ಟೇ ಷರತ್ತು," ಎಂದಳು.

ಅವನ ಕೋಣೆ ಮೂರನೆಯ ಮಹಡಿಯಲ್ಲಿತ್ತು. ಕೆಳಗೆ ಅವನ ಅಕ್ಕನ ಟೈಲರಿಂಗ್ ಅಂಗಡಿ. ಅಕ್ಕ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ತನ್ನ ಷರತ್ತೂ ಹೇಳಿದಳು: "ಬಾಗಿಲು ತೆಗೆದಿರಬೇಕು ಕಣೋ. ಹೆಣ್ಣುಮಗಳು ಬಂದು ಹೋಗೋ ಮನೆ."

ಆರೂ ಐದಕ್ಕೆ ಪೂರ್ವದ ಕಿಟಕಿಗೆ ಬಿಸಿಲು ಬರುತ್ತಿತ್ತು. ಆರೂ ಮುಕ್ಕಾಲಿಗೆ ಎದುರಿನ ಕಟ್ಟಡದ ನೀರಿನ ಟ್ಯಾಂಕ್ ಅದನ್ನು ನುಂಗುತ್ತಿತ್ತು. ಅವನಿಗೆ ದಿನಕ್ಕೆ ಸಿಗುತ್ತಿದ್ದುದು ಆ ನಲವತ್ತು ನಿಮಿಷ. ಅವಳು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಹೊರಗೆ ನೋಡುವಳು. ಅವನು ಬರೆಯುವನು. ಹದಿನೈದು ದಿನದಲ್ಲಿ ಕಿಟಕಿ ಮುಗಿಯಿತು, ಕುರ್ಚಿ ಮುಗಿಯಿತು, ಮಡಿಲಲ್ಲಿ ಒಂದರ ಮೇಲೊಂದು ಮಲಗಿದ್ದ ಕೈಗಳು ಮುಗಿದವು.

ಮುಖ ಬಾಕಿ ಇತ್ತು. ಅಷ್ಟರಲ್ಲಿ ಪ್ರೀತಿ ಬಂದು ಕೆಲಸ ಕೆಡಿಸಿತು.

ಹೇಗೆ ಬಂತೆಂದು ಕೇಳಿದರೆ ಇಬ್ಬರೂ ಹೇಳಲಾರರು. ಮಾತಾಡಬಾರದು ಎಂದವಳೇ ಮೊದಲು ಮಾತಾಡಿದಳು. "ಮೂಗಿಗೆ ನೀಲಿ ಮೆತ್ಕೊಂಡಿದೆ." ಅವನು ಒರೆಸಿಕೊಂಡ. "ಅಲ್ಲಲ್ಲ, ಈ ಕಡೆ." ಇನ್ನಷ್ಟು ಮೆತ್ತಿಕೊಂಡ. ಕೊನೆಗೆ ಅವಳೇ ಎದ್ದು ಬಂದು ಹತ್ತಿಯಿಂದ ಒರೆಸಿದಳು, ಕೆಲಸದ ಅಭ್ಯಾಸದಲ್ಲಿ ಒಂದು ಕ್ಷಣ ಒತ್ತಿ ಹಿಡಿದಳು. ಅವನ ರೆಪ್ಪೆ ಅಲುಗಲಿಲ್ಲ, ಅವಳದೂ ಅಲುಗಲಿಲ್ಲ.

"ರಕ್ತ ನಿಂತಿದೆ," ಎಂದಳು ತಡವರಿಸಿ.

"ಉಸಿರೂ ನಿಂತಿದೆ," ಎಂದ.

ಅಂದಿನಿಂದ 'ನೀವು' ಹೋಗಿ 'ನೀನು' ಬಂತು. ಅವನು ಅವಳನ್ನು 'ಸೂಜಿ' ಎಂದ, ಅವಳು ಅವನನ್ನು 'ಎರಡು ಚಮಚ' ಎಂದಳು. ಮೂವತ್ತೆರಡರ ಹೆಣ್ಣು, ಮೂವತ್ತೇಳರ ಗಂಡು, ಇಬ್ಬರೂ ಕಾಲೇಜು ಹುಡುಗರ ಹಾಗೆ ಮೆಟ್ಟಿಲ ತಿರುವಿನಲ್ಲಿ ಬೆರಳು ಕೊಂಡಿ ಹಾಕಿಕೊಂಡು ನಿಂತರು. ಅಕ್ಕ ಕೆಳಗಿನಿಂದ ಬೇಕಂತಲೇ ಕೆಮ್ಮಿದಳು.

ಎಲ್ಲವೂ ಚೆಂದವೇ ಇತ್ತು, ಮುಖವೊಂದನ್ನು ಬಿಟ್ಟು. ಪ್ರತಿದಿನ ಅವನು ಮುಖ ಬರೆಯುತ್ತಿದ್ದ, ಪ್ರತಿದಿನ ಟರ್ಪೆಂಟೈನ್ ಬಟ್ಟೆಯಿಂದ ಅಳಿಸುತ್ತಿದ್ದ. ಕಿಟಕಿಯಾಚೆ ನೋಡುತ್ತಿದ್ದರೂ ಅವಳ ತುಟಿಯ ಅಂಚು ಮೇಲೇರಿಬಿಡುತ್ತಿತ್ತು. ಕಣ್ಣು ಹೊರಗಿದ್ದರೂ ಮನಸ್ಸು ಹಿಂದೆ ನಿಂತಿದ್ದವನ ಮೇಲೇ. ಲ್ಯಾಬಿನ ಮೆಟ್ಟಿಲ ಮೇಲೆ ಅವನು ಕಂಡಿದ್ದ ಆ ಒಂಟಿ ಯೋಚನೆಯ ಹೆಣ್ಣು ಎಲ್ಲೋ ಎದ್ದು ಹೋಗಿದ್ದಳು.

"ನಗಬೇಡ."

"ನಗ್ತಿಲ್ವೋ!"

"ಒಳಗೆ ನಗ್ತಿದೀಯ."

"ಒಳಗೆ ನಗೋದಕ್ಕೂ ನಿನ್ನ ಪರ್ಮಿಷನ್ ಬೇಕಾ?"

ಪ್ರದರ್ಶನಕ್ಕೆ ಅವನ ಚಿತ್ರ ಕೇಳಿದ್ದ ಗ್ಯಾಲರಿ ಮೇಡಂ ಒಮ್ಮೆ ಬಂದು ನೋಡಿದರು. ಕನ್ನಡಕ ಹಣೆಗೇರಿಸಿ, "ಬೆಳಕು ಸರಿ. ಕೈಗಳಂತೂ ಅದ್ಭುತ. ಆದ್ರೆ ಮುಖ ಎಲ್ರೀ?" ಎಂದರು. "ಇಪ್ಪತ್ತನೇ ತಾರೀಕು ಪ್ರದರ್ಶನ. ಬಾಗಿಲ ಎದುರಿನ ಗೋಡೆ ನಿಮಗೆ ಅಂತ ಇಟ್ಟಿದೀನಿ. ಆಗಲ್ಲ ಅಂದ್ರೆ ಈಗಲೇ ಹೇಳಿ, ಕಾಯೋರಿದಾರೆ."

ಹದಿನಾಲ್ಕು ವರ್ಷ ಅವನು ಹೋಟೆಲಿನ ಗೋಡೆಗಳಿಗೆ ಜಲಪಾತ ಬರೆದಿದ್ದ, ಶಾಲೆಗಳ ಕಾಂಪೌಂಡಿಗೆ ಆನೆ ಜಿರಾಫೆ ಬರೆದಿದ್ದ. ಬಾಗಿಲ ಎದುರಿನ ಗೋಡೆ ಇನ್ನೊಮ್ಮೆ ಸಿಗುವುದಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಸೂಜಿಯಾದರೋ ಎಲ್ಲಿಗೂ ಹೋಗುವವಳಲ್ಲ, ಅವಳು ಅವನವಳು. ಇಂಥ ಲೆಕ್ಕಾಚಾರದಲ್ಲಿ ಗಂಡಸರು ಬಹಳ ಜಾಣರು.

ಹದಿನಾರನೇ ತಾರೀಕು ಅವಳು ಎಂದಿನಂತೆ ಎರಡೆರಡು ಮೆಟ್ಟಿಲು ಹಾರಿ ಬಂದಳು. ಅವನು ಕುಂಚ ತೊಳೆಯುತ್ತ, ಬೆನ್ನು ಹಾಕಿಕೊಂಡೇ ಹೇಳಿದ: "ಅಕ್ಕ ಒಂದು ಹುಡುಗಿ ನೋಡಿದಾಳೆ."

"ಯಾರಿಗೆ?"

"ನನಗೆ. ನಿಶ್ಚಯ ಆಗೋಯ್ತು. ಅಕ್ಕನ ಮಾತು ಮೀರೋಕೆ ಆಗ್ಲಿಲ್ಲ."

ಕೂಗುತ್ತಾಳೆ, ಡಬ್ಬಿ ಎಸೆಯುತ್ತಾಳೆ ಎಂದು ಅವನು ಕಾದ. ಅವಳು ಮಾತ್ರ, "ನೀವು ಒಪ್ಕೊಂಡ್ರಾ?" ಎಂದಳು.

'ನೀವು' ಎಂದದ್ದು ಅವನ ಎದೆಗೆ ಚುಚ್ಚಿತು. ಆದರೂ "ಹ್ಞೂಂ" ಎಂದ.

"ಇವತ್ತು ಕೂತ್ಕೋಬೇಕಾ, ಬೇಡ್ವಾ?"

"ಕೂತ್ಕೊ. ಚಿತ್ರ ಒಂದು ಮುಗಿಸಿಬಿಡೋಣ."

ಕೂತಳು. ಬಿಸಿಲು ಬಂತು. ಕೆನ್ನೆಯ ಮೇಲೆ ಒಂದು ಹನಿ ಇಳಿಯಿತು, ಅವಳ ಕೈ ಮಡಿಲಿನಿಂದ ಮೇಲೆದ್ದಿತು.

"ಕೈ ಅಲ್ಲಾಡಿಸಬೇಡ," ಎಂದ ಅವನು.

ಕೈ ಮತ್ತೆ ಮಡಿಲಿಗೆ ಹೋಯಿತು. ಹನಿ ತಾನಾಗಿಯೇ ಗಲ್ಲ ಮುಟ್ಟಿ, ಕುತ್ತಿಗೆಗಿಳಿದು ಒಣಗಿತು. ಇದನ್ನು ಅವನು ನೋಡಿದ, ನಿಜ. ಕುಂಚ ಮಾತ್ರ ನಿಲ್ಲಲಿಲ್ಲ. ಆದರೂ ಅಂದು ಅವನಿಗೆ ತೃಪ್ತಿಯಾಗಲಿಲ್ಲ. ಅಳುವ ಮುಖ ಯಾರು ಬೇಕಾದರೂ ಬರೆಯುತ್ತಾರೆ. ಅವನಿಗೆ ಬೇಕಿದ್ದದ್ದು ಆ ಯೋಚನೆ, ಆ ನಿಶ್ಚಲತೆ. ಆರೂ ಮುಕ್ಕಾಲಿಗೆ ಅವಳು ಮಾತಿಲ್ಲದೆ ಇಳಿದು ಹೋದಳು. ಕೆಳಗೆ ಅಕ್ಕನ ಧ್ವನಿ, ಅವಳ ಧ್ವನಿ ಒಂದಿಷ್ಟು ಹೊತ್ತು ಕೇಳಿಸಿದವು. ಅವನು ಅಳಿಸುವುದರಲ್ಲಿ ಮಗ್ನನಾಗಿದ್ದ.

ಮರುದಿನ ಬರುತ್ತಾಳೋ ಇಲ್ಲವೋ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ. ಆರಕ್ಕೆ ಸರಿಯಾಗಿ ಬಂದಳು. ಕೂತಳು. ಅವನು ತಲೆಯೆತ್ತಿ ನೋಡಿದ, ಕೂಗಬೇಕೆನಿಸಿತು. ಬಂದಿತ್ತು! ಅದೇ ಮುಖ, ಮೆಟ್ಟಿಲ ಮೇಲಿನ ಮುಖ, ಅದಕ್ಕಿಂತಲೂ ಆಳವಾದದ್ದು. ತುಟಿ ಬಿಗಿದಿರಲಿಲ್ಲ, ಹುಬ್ಬು ಗಂಟಿಕ್ಕಿರಲಿಲ್ಲ. ಕಣ್ಣುಗಳು ಎದುರಿನ ಟ್ಯಾಂಕನ್ನು ದಾಟಿ ಬಹಳ ದೂರ ಏನನ್ನೋ ಅಳೆಯುತ್ತಿದ್ದವು. ಎರಡು ದಿನ ಅವನು ಉಸಿರು ಬಿಗಿಹಿಡಿದು ಬರೆದ. ನಡುವೆ ಒಮ್ಮೆ ಅವಳು ತಿರುಗಿ, ಅವನ ಕಣ್ಣಲ್ಲಿ ಕಣ್ಣಿಟ್ಟು ಏನನ್ನೋ ಕಾದಳು. "ಆ ಕಡೆ," ಎಂದ. ಅವಳು ಆ ಕಡೆ ತಿರುಗಿದಳು.

ಹದಿನೆಂಟನೇ ತಾರೀಕು ಆರೂ ಮೂವತ್ತೆಂಟಕ್ಕೆ ಕೆಳರೆಪ್ಪೆಯ ಕೊನೆಯ ಗೆರೆ ಎಳೆದು ಕುಂಚ ಕೆಳಗಿಟ್ಟ. ಓಡಿ ಬಂದು ಅವಳ ಕಾಲ ಬಳಿ ಮಂಡಿಯೂರಿದ.

"ಸುಳ್ಳು ಕಣೇ ಸೂಜಿ! ಎಲ್ಲಾ ಸುಳ್ಳು. ಯಾವ ಹುಡುಗೀನೂ ಇಲ್ಲ. ಮುಖಕ್ಕೋಸ್ಕರ ಹೇಳಿದ್ದು. ಇವತ್ತೇ ಅಕ್ಕನಿಗೆ ಹೇಳ್ತೀನಿ, ಮುಂದಿನ ತಿಂಗಳೇ ಮದುವೆ. ಹೊಡಿ ಬೇಕಾದ್ರೆ, ಹೊಡೆದು ಮುಗಿಸು."

"ಗೊತ್ತು," ಎಂದಳು.

"ಏನು ಗೊತ್ತು?"

"ಮೊದಲನೇ ದಿನಾನೇ ಗೊತ್ತಾಯ್ತು. ಇಳಿಯುವಾಗ ಅಕ್ಕನಿಗೆ ಒಳ್ಳೇದಾಗ್ಲಿ ಅಂದೆ. ಯಾರಿಗಮ್ಮಾ ಮದುವೆ ಅಂತ ನನ್ನನ್ನೇ ಕೇಳಿದ್ರು."

"ಮತ್ತೆ... ಯಾಕೆ ಬಂದೆ?"

"ಬೈಯೋಕೆ ಅಂತಲೇ ಬಂದೆ. ಕುರ್ಚಿ ನೋಡಿದೆ, ಕೂತ್ಕೊಂಡೆ. ನಲವತ್ತು ನಿಮಿಷ ಯಾರೂ ಮಾತಾಡಿಸದೆ ಯೋಚನೆ ಮಾಡೋಕೆ ನನಗೆ ಬೇರೆಲ್ಲಿ ಜಾಗ ಇದೆ?" ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನನ್ನು ಹೆದರಿಸಿತು. "ನಿನ್ನೆ ಪೂರ್ತಿ, ಈಗ ಹೇಳ್ತಾನೆ, ಇನ್ನೊಂದು ನಿಮಿಷಕ್ಕೆ ಹೇಳ್ತಾನೆ ಅನ್ಕೊಂಡೆ. ಒಂದು ಸಲ ತಿರುಗಿ ನೋಡಿದೆ ಕೂಡ. ಆ ಕಡೆ ಅಂದ್ರಿ. ಇವತ್ತು ಕೂತು, ನಿಮ್ಮನ್ನ ಬಿಟ್ಟು ಹೇಗಿರೋದು ಅಂತ ಯೋಚನೆ ಮಾಡಿದೆ. ಕಷ್ಟ ಇದೆ, ಆದ್ರೆ ಆಗುತ್ತೆ. ನೀವು ಕುಂಚ ಇಡೋದಕ್ಕೂ ನನ್ನ ಯೋಚನೆ ಮುಗಿಯೋದಕ್ಕೂ ಸರಿಹೋಯ್ತು."

"ಚಿತ್ರ ಹಾಳಾಗಿ ಹೋಗ್ಲಿ! ಅಳಿಸಿಬಿಡ್ತೀನಿ, ಈಗಲೇ!" ಅವನು ಟರ್ಪೆಂಟೈನ್ ಬಟ್ಟೆ ಕೈಗೆತ್ತಿಕೊಂಡ.

"ಅಳಿಸಿ," ಎಂದಳು, ಎದ್ದು ಬಾಗಿಲ ಬಳಿ ಹೋಗಿ ನಿಂತು. "ಅಳಿಸಿದ್ರೆ ಇರ್ತೀನಿ."

ಬಣ್ಣ ಇನ್ನೂ ಹಸಿಯಾಗಿತ್ತು. ಒಂದೇ ಒಂದು ಸಲ ಕೈಯಾಡಿಸಿದ್ದರೆ ಸಾಕಿತ್ತು, ಮೂವತ್ತು ಸಲ ಆಡಿಸಿ ಅಭ್ಯಾಸವಿದ್ದ ಕೈ. ಅವನು ಚಿತ್ರದ ಮುಂದೆ ನಿಂತ. ಬಟ್ಟೆಯಿಂದ ಟರ್ಪೆಂಟೈನ್ ಮೊಣಕೈಗೆ ಇಳಿಯಿತು. ಚಿತ್ರದ ಹೆಣ್ಣನ್ನು ನೋಡಿದ, ಬಾಗಿಲಲ್ಲಿ ನಿಂತ ಹೆಣ್ಣನ್ನು ನೋಡಿದ, ಮತ್ತೆ ಚಿತ್ರವನ್ನೇ ನೋಡಿದ. ಅವಳು ಪೂರ್ತಿ ಐದು ನಿಮಿಷ ಕಾದಳು. ಅಷ್ಟು ಕಾದಳೆಂದರೆ ಅವಳಿಗೆ ಅವನ ಮೇಲೆ ಎಷ್ಟು ಪ್ರೀತಿಯಿತ್ತೆಂದು ನೀವೇ ಊಹಿಸಿ. ಆಮೇಲೆ ಬ್ಯಾಗನ್ನು ಹೆಗಲಿಗೇರಿಸಿದಳು.

"ಲ್ಯಾಬ್ ತೆಗೀಬೇಕು," ಎಂದಳು. ಹೋಗುವಾಗ ಯಾರೂ ಹೇಳದ ಮಾತನ್ನೂ ಹೇಳಿದಳು: "ಹೋಗ್ತೀನಿ."

ಬಟ್ಟೆ ಹಿಡಿದ ಅವನ ಕೈ ಇನ್ನೂ ಗಾಳಿಯಲ್ಲೇ ಇತ್ತು.

ಇಪ್ಪತ್ತನೇ ತಾರೀಕು ಬಾಗಿಲ ಎದುರಿನ ಗೋಡೆಯ ಮುಂದೆ ಜನ ಕದಲಲಿಲ್ಲ. ಗ್ಯಾಲರಿ ಮೇಡಂ 'ಮುಂಜಾವಿನ ಮೌನ' ಎಂದು ಹೆಸರಿಟ್ಟಿದ್ದರು. ಒಳಬಂದವರು ದನಿ ತಗ್ಗಿಸುತ್ತಿದ್ದರು. ಒಂದು ಹುಡುಗಿ ಜೊತೆಗಾರನಿಗೆ, "ಯಾರನ್ನೋ ತುಂಬಾ ಪ್ರೀತಿಸ್ತಿದಾಳೆ ಕಣೋ, ಅದೇ ಯೋಚನೆ," ಎಂದು ಪಿಸುಗುಟ್ಟಿದಳು. ಕಲಾವಿದನ ಕೈಯನ್ನು ಅಂದು ಎಷ್ಟು ಜನ ಕುಲುಕಿದರೋ.

ಮಧ್ಯಾಹ್ನ ಅಂಗಡಿ ಮುಚ್ಚಿ ಅಕ್ಕ ಬಂದಳು. ಬ್ಲೌಸಿನ ಅಳತೆ ತೆಗೆದು ತೆಗೆದು ಊರಿನ ಅರ್ಧ ಹೆಂಗಸರ ಮೈಯನ್ನೂ ಮನಸ್ಸನ್ನೂ ಬಲ್ಲವಳು. ಚಿತ್ರದ ಮುಂದೆ ನಿಂತವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಈ ಮುಖ ನೋಡ್ಕೊಂಡು ಎರಡು ದಿನ ಕೂತಿದ್ಯೇನೋ?"

"ಹ್ಞೂಂ."

"ಒಂದು ಸಲಾನೂ ಎದ್ದು ಹೋಗಿ ಅವಳ ಕೈ ಹಿಡ್ಕೋಬೇಕು ಅನ್ನಿಸ್ಲಿಲ್ವಾ?"

ಅಕ್ಕನ ಮುಂದೆ ಅವನಿಗೆ ಚಿಕ್ಕಂದಿನಿಂದಲೂ ಸುಳ್ಳು ಬರುತ್ತಿರಲಿಲ್ಲ.

"ಅನ್ನಿಸ್ತು ಅಕ್ಕಾ," ಎಂದ. "ಬೆಳಕು ಹೋಗಿಬಿಡ್ತಿತ್ತು."