ಗೋಡೆಯಿಂದ ಇಳಿದ ಕತ್ತಲು

ಸಾರ್ಜೆಂಟ್ ರಾವಿರಿ ಎಡಗಾಲಿನ ಬೂಟಿಗೆ ಪಾಲಿಶ್ ತಿಕ್ಕಿ ಮುಗಿಸಿ ಬಲಗಾಲಿನದಕ್ಕೆ ಕೈ ಹಾಕಿದ್ದ. ಸಂಜೆ ಮೇರೆಹಾನಾ ದೊಡ್ಡಮ್ಮನ ಅಂತಿಮದರ್ಶನಕ್ಕೆ, ಕುಲದವರೆಲ್ಲ ಸೇರುವ ಕುಲದ ಮನೆಗೆ ಹೋಗಬೇಕಿತ್ತು.

"ಹೇಗೂ ಬಾಗಿಲಲ್ಲೇ ಬಿಚ್ತೀರಲ್ಲ ಸಾರ್, ಯಾಕಿಷ್ಟು ತಿಕ್ತೀರಿ?" ಎಂದ ಕಾನ್ಸ್‌ಟೇಬಲ್ ಡ್ರೇಪರ್. ಅವನು ಈ ಕಡಲತೀರದ ಊರು ಓಪೋಟಿಕಿಗೆ ವರ್ಗವಾಗಿ ಬಂದದ್ದು ಈಚೆಗೆ.

"ಬಿಚ್ಚಿಟ್ಟ ಬೂಟನ್ನೇ ಕಣಯ್ಯಾ ನಮ್ಮ ಹೆಂಗಸರು ನೋಡೋದು."

ಅಷ್ಟರಲ್ಲಿ ಛಾಯಾಗ್ರಾಹಕಿ ಇಂಗ್ರಿಡ್ ಸೋಮ್ಸ್ ಠಾಣೆಯ ಒಳಗೆ ಬಂದಳು. ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ದೂರು ದಾಖಲಾಯಿತು. ಊರಿನ ಚಿತ್ರಶಾಲೆಯಲ್ಲಿ ಅವಳ ಪ್ರದರ್ಶನ ನಡೆದಿದೆ. ನಿನ್ನೆ ಸಂಜೆ ಗೋಡೆಯ ಮೇಲಿದ್ದ ಒಂದು ಚಿತ್ರ ಈಗಿಲ್ಲ.

"ಚಿತ್ರದಲ್ಲಿ ಏನಿತ್ತು?"

"ಕತ್ತಲು. ರಾತ್ರಿ ಹೊತ್ತಿನ ದೋಣಿಕಟ್ಟೆ."

"ಯಾರಾದ್ರೂ ಇದ್ರಾ?"

ಅವಳು ಕಿಟಕಿಯ ಕಡೆ ನೋಡಿದಳು. "ಇಂಥವರು ಅಂತ ಹೇಳೋ ಹಾಗೆ ಯಾರೂ ಇಲ್ಲ."

ಸ್ಥಳದ ಪಂಚನಾಮೆ ನಡೆಯಿತು. ಬೀಗ ಮುರಿದಿರಲಿಲ್ಲ, ಹಿಂಬಾಗಿಲಿಗೆ ಬೀಗವೇ ಇರಲಿಲ್ಲ. ಉಳಿದ ಚಿತ್ರಗಳ ಮುಂದೆ ಡ್ರೇಪರ್ ಕಣ್ಣು ಕಿರಿದು ಮಾಡಿ ನಿಂತ.

"ಕರೆಂಟು ಹೋದಾಗ ತೆಗೆದ ಹಾಗಿದೆ ಸಾರ್."

"ಸುಮ್ನೆ ನಿಂತ್ಕೊ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲಿ."

ನಿಂತ. ಕಪ್ಪಿನೊಳಗಿಂದ ಮೆಲ್ಲನೆ ಒಂದು ಹಗ್ಗದ ಸುರುಳಿ ಕಂಡಿತು, ಆಮೇಲೆ ಯಾರೋ ಬಿಟ್ಟುಹೋದ ಕೈಗವಸು. ಡ್ರೇಪರನ ತಮಾಷೆ ಇಳಿಯಿತು. "ಎಲ್ಲಾ ಯಾರನ್ನೋ ಕಾಯ್ತಾ ಇರೋ ಹಾಗಿದೆ," ಎಂದ.

ಚಿತ್ರವಿದ್ದ ಮೊಳೆಯ ಕೆಳಗೆ, ಮೇಣ ಹಚ್ಚಿದ ನೆಲದ ಮೇಲೆ ನೀರಿನ ಹನಿಗಳು ಒಣಗಿದ ಕಲೆಗಳಿದ್ದವು. "ಸೂರು ಸೋರಿದೆ," ಎಂದು ಡ್ರೇಪರ್ ಬರೆದುಕೊಳ್ಳಲು ಹೋದ. ರಾವಿರಿ ತಡೆದ. ಕಲೆಗಳು ಗೋಡೆಯಿಂದ ಬಾಗಿಲವರೆಗೂ ಸಾಲಾಗಿ ಹೋಗಿದ್ದವು. ಅವನು ಟೋಪಿ ತೆಗೆದ.

"ಇದು ಸೋರಿದ್ದಲ್ಲ, ಚಿಮುಕಿಸಿದ್ದು. ಸತ್ತವರನ್ನ ಎತ್ತಿಕೊಂಡು ಹೋದ ಜಾಗಕ್ಕೆ ನಮ್ಮೋರು ನೀರು ಹಾಕ್ತಾರೆ. ಆ ಪಟದಲ್ಲಿ ಯಾರೋ ಇದಾರೆ."

ಇಂಗ್ರಿಡ್ ತನ್ನ ಕಂಪ್ಯೂಟರಿನಲ್ಲಿದ್ದ ಪ್ರತಿಯನ್ನು ತೋರಿಸಿದಳು. ಡ್ರೇಪರ್ ಚಿತ್ರದ ಬೆಳಕು ಏರಿಸತೊಡಗಿದ. "ಬೇಡ," ಎಂದಳು, ತಡವಾಗಿ. ಮೂಲೆಯಲ್ಲಿ ಹಗ್ಗದ ಮೇಲೆ ಕೂತ ಹುಡುಗನೊಬ್ಬನ ಅರ್ಧ ಮುಖ ಕಂಡಿತು. ಇನ್ನೇನು ನಗಬೇಕು ಎನ್ನುವ ಬಾಯಿ.

"ತಾವೇರಾ," ಎಂದ ರಾವಿರಿ. "ಮೊನ್ನೆ ತೀರಿಕೊಂಡರಲ್ಲ ಮೇರೆಹಾನಾ ದೊಡ್ಡಮ್ಮ, ಅವರ ಒಬ್ಬನೇ ಮಗ."

ಎರಡು ಚಳಿಗಾಲದ ಹಿಂದೆ ದೋಣಿಯೊಂದಿಗೆ ಹೋದವನನ್ನು ಕಡಲು ಹಿಂದಕ್ಕೆ ಕೊಟ್ಟಿರಲಿಲ್ಲ. ಕ್ಯಾಮೆರಾ ಕಂಡರೆ ಓಡುತ್ತಿದ್ದ ಹುಡುಗ. ದೊಡ್ಡವನಾದ ಮೇಲಿನ ಪಟ ಮನೆಯಲ್ಲಿ ಒಂದೂ ಇರಲಿಲ್ಲ. ಇಂಗ್ರಿಡ್ ತನ್ನ ಕೋಣೆಗೆ ಹೋಗಿ ಬಂದು, ಕರೆಯದಿದ್ದರೂ ಕುಲದ ಮನೆಗೆ ಹೊರಟ ಜೀಪು ಹತ್ತಿದಳು.

ಅಲ್ಲಿ ತೆರೆದ ಪೆಟ್ಟಿಗೆಯ ಸುತ್ತ, ವಾಡಿಕೆಯಂತೆ, ಆ ವಂಶದ ಸತ್ತವರೆಲ್ಲರ ಪಟಗಳನ್ನು ಒರಗಿಸಿದ್ದರು. ಮೇರೆಹಾನಾಳ ಭುಜದ ಬಳಿ ಆ ಕಪ್ಪು ಚೌಕಟ್ಟು. ಅದರ ಪಕ್ಕದಲ್ಲಿ ಚಾಪೆಯ ಮೇಲೆ ಅವಳ ತಮ್ಮ ತಾಮಾಹೋ.

"ಮಾಮ, ಪಟ ನೀನು ತಂದಿದ್ದಾ?"

"ಮತ್ತೆ ಅವನೇ ನಡ್ಕೊಂಡು ಬರ್ತಾನಾ?"

"ಕೇಳಿದ್ರೆ ಕೊಡ್ತಿದ್ರಲ್ಲ."

"ನಮ್ಮ ಹುಡುಗನ್ನ ಮನೆಗೆ ಕರ್ಕೊಂಡು ಬರೋಕೆ ಯಾರನ್ನ ಕೇಳ್ಬೇಕೋ? ನಾಳೆ ಮಣ್ಣಾದ ಮೇಲೆ ನಾನೇ ತಗೊಂಡೋಗಿ ತಗುಲಿಸ್ತೀನಿ."

"ಅಷ್ಟು ಕತ್ತಲಲ್ಲಿ ಗುರುತು ಹೇಗೆ ಸಿಕ್ತು?"

"ಬೆಳಕಿದ್ದಿದ್ರೆ ಎದ್ದು ಓಡ್ತಿದ್ದ. ಆ ಹೆಂಗಸು ಅವನಿಗೆ ಬೇಕಾದಷ್ಟು ಕತ್ತಲು ಕೊಟ್ಟು ಕೂರಿಸಿದಾಳೆ. ಅದಕ್ಕೇ ನೋಡು, ನಗೋಕೆ ಹೊರಟಿದಾನೆ."

ಹನ್ನೊಂದೂ ನಲವತ್ತಕ್ಕೆ ಕಳವಿನ ಆರೋಪದ ಮೇಲೆ ತಾಮಾಹೋನ ಬಂಧನವಾಯಿತು. ಸಂಸ್ಕಾರ ಮುಗಿಯುವವರೆಗೆ ಆರೋಪಿಯನ್ನೂ ವಸ್ತುವನ್ನೂ ಸ್ಥಳದಲ್ಲೇ ಕಾವಲಿನಲ್ಲಿ ಇಡಲಾಗಿದೆ ಎಂದು ಬರೆದು, ರಾವಿರಿ ಅದೇ ಚಾಪೆಯ ಮೇಲೆ ಕೂತ.

"ಉಂಡ್ಯೇನೋ?" ಎಂದ ಆರೋಪಿ.

"ಇಲ್ಲ ಮಾಮ."

"ಹೋಗು, ಊಟದ ಮನೇಲಿ ಉಂಡು ಬಾ. ನಾನೆಲ್ಲೂ ಓಡಲ್ಲ."

ಕದಿಯುವ ಆಸೆ ಆ ಮುದುಕನಿಗೆ ಇರಲಿಲ್ಲ. ಹೆತ್ತವಳು ಮಗನನ್ನು ಪಕ್ಕದಲ್ಲಿ ಕಾಣದೆ ಹೋಗುವುದನ್ನು ನೋಡಲಾರದೆ ಹೋದ, ಅಷ್ಟೇ.

ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬಂದ ಇಂಗ್ರಿಡ್ ತಾಮಾಹೋನ ಮುಂದೆ ಮಂಡಿಯೂರಿದಳು.

"ಅವನು ಯಾರು ಅಂತ ನಂಗೆ ಗೊತ್ತಿತ್ತು. 'ಅಮ್ಮನಿಗೊಂದು ಪ್ರತಿ ಕಳ್ಸಿ' ಅಂದಿದ್ದ. ಅವನು ಹೋದ ಸುದ್ದಿ ಕೇಳಿ ಅವರಿಗೆ ಕಾಗದ ಬರೆದೆ. ಇವತ್ತು ಹಾಕ್ತೀನಿ ನಾಳೆ ಹಾಕ್ತೀನಿ ಅಂತ..." ಕೋಟಿನ ಜೇಬಿನಿಂದ ಅಂಟಿಸಿದ ಲಕೋಟೆ ತೆಗೆದಳು. "ಧೈರ್ಯ ಬರ್ಲಿಲ್ಲ."

ತಾಮಾಹೋ ಲಕೋಟೆಯನ್ನು ಮುಟ್ಟಲಿಲ್ಲ. ಸ್ವಲ್ಪ ಸರಿದು ಅಕ್ಕನ ಬಳಿ ಅವಳಿಗೆ ಜಾಗ ಮಾಡಿದ.

"ಮುಚ್ಚಳ ಇನ್ನೂ ಮುಚ್ಚಿಲ್ಲಮ್ಮ. ನೀನೇ ಕೊಡು."

ಇಂಗ್ರಿಡ್ ಬಾಗಿ, ಮೇರೆಹಾನಾಳ ತಣ್ಣನೆಯ ಬೆರಳುಗಳ ಕೆಳಗೆ ಕಾಗದವನ್ನು ಸೇರಿಸಿದಳು.