ಕೆಂಪು ಪಟ್ಟಿಯ ಗಂಟುಗಳು

ಕಬ್ಬಿಣದ ಕಾಲುಗಳಿದ್ದವು. ತುಳಿಯುವ ಪೆಡಲ್ ಇತ್ತು. ಮೇಲಿರಬೇಕಾದ ಹೊಲಿಗೆ ಮೆಷಿನ್ ಮಾತ್ರ ಇರಲಿಲ್ಲ.

ಸುದ್ದಿ ತಿಳಿದು ನಾನು ಓಡಿಬಂದಾಗ ಅಕ್ಕ ಮುಂದಿನ ಕೋಣೆಯ ನೆಲದ ಮೇಲೆ, ಹಾಲಿನ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು.

"ಅರ್ಧ ಗಂಟೆ ಕಣೋ, ಬರೀ ಅರ್ಧ ಗಂಟೆ! ಆರೂವರೆಗೆ ಹಾಲು ತರೋಕೆ ಹೋದಾಗ ಇತ್ತು. ಬರೋಷ್ಟರಲ್ಲಿ ಮಾಯ!"

"ಬಾಗಿಲು?"

"ಎಳ್ಕೊಂಡು ಹೋಗಿದ್ದೆ. ಚಿಲಕ ಹಾಕಿರಲಿಲ್ಲ. ಅತ್ತೆ ಒಳಗಿದ್ರಲ್ಲ!"

ಅಕ್ಕನ ಅತ್ತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಶಾಲು ಹೊದ್ದು ಕುಳಿತಿದ್ದರು. ಮಂಡಿ ನೋವಿನವರು. ನೀರು ತುಂಬಿದ ಬಕೆಟ್ ಎತ್ತಲೂ ಆಗದು.

ಪೊಲೀಸರಿಗೆ ಹೇಳೋಣ ಎಂದಳು ಅಕ್ಕ. ನಾನು ಅದಕ್ಕೂ ಮೊದಲು ಚಿಕ್ಕಮ್ಮನಿಗೆ ಫೋನ್ ಮಾಡಿದೆ.

ಚಿಕ್ಕಮ್ಮ ಮೂವತ್ತು ವರ್ಷ ಲಾಂಡ್ರಿಯ ಕೌಂಟರಿನಲ್ಲಿ ನಿಂತವಳು. ಚೀಟಿ ಕಳೆದುಕೊಂಡ ಗಿರಾಕಿಯ ಮುಖ ನೋಡಿ ಅವನ ಅಂಗಿ ಎತ್ತಿಕೊಡುತ್ತಿದ್ದಳು. ಅಂಗಿ ನೋಡಿ ಅವನ ಮನೆಯ ಸಮಾಚಾರ ಹೇಳುತ್ತಿದ್ದಳು. ಹೋದ ವರ್ಷ ನಾನು ದಿಢೀರ್ ಸಾಹುಕಾರನಾಗಲು ಹೊರಟು ಕೊಂಡ 'ಮಾಯಾ' ಸೋಪಿನ ಪುಡಿಯ ಬಂಡವಾಳವನ್ನು ಒಂದೇ ಒಗೆತದಲ್ಲಿ ಬಯಲು ಮಾಡಿದವಳೂ ಅವಳೇ. ಬಟ್ಟೆಯ ಬಣ್ಣ ಹೋಗಿತ್ತು, ಕಲೆ ಉಳಿದಿತ್ತು. ಆ ಪುಡಿಯ ಹನ್ನೊಂದು ಡಬ್ಬಗಳು ಇನ್ನೂ ನನ್ನ ಮಂಚದ ಕೆಳಗಿವೆ.

ಚಿಕ್ಕಮ್ಮ ಬಂದವಳೇ ಖಾಲಿ ಸ್ಟ್ಯಾಂಡಿನ ಮುಂದೆ ಬಗ್ಗಿದಳು. ಚಕ್ರಕ್ಕೆ ಸುತ್ತುವ ಬೆಲ್ಟು ಗೋಡೆಯ ಮೊಳೆಯಲ್ಲಿ ಅಚ್ಚುಕಟ್ಟಾಗಿ ನೇತಾಡುತ್ತಿತ್ತು.

"ಏನೇನು ಹೋಯ್ತು?"

"ಮೆಷಿನ್ನು. ಮತ್ತೆ ಮೂರು ಗಂಟು ಬಟ್ಟೆ."

"ಯಾವ ಗಂಟು?"

"ಕೆಂಪು ಪಟ್ಟಿಯವು."

ಇದು ಈ ಮನೆಯದೇ ಪದ್ಧತಿ. ಒಬ್ಬೊಬ್ಬ ಗಿರಾಕಿಯ ಬಟ್ಟೆ ಒಂದೊಂದು ಗಂಟು. ಇವತ್ತೇ ಕೊಡಬೇಕಾದ್ದಕ್ಕೆ ಕೆಂಪು ಚಿಂದಿಯ ಪಟ್ಟಿ, ಈ ವಾರದ್ದಕ್ಕೆ ನೀಲಿ, ನಿಧಾನವಾದರೂ ನಡೆಯುತ್ತದೆ ಎಂಬುದಕ್ಕೆ ಬಿಳಿ. ಕಪಾಟಿನಲ್ಲಿ ನೀಲಿ, ಬಿಳಿ ಗಂಟುಗಳು ಕದಲದೆ ಕುಳಿತಿದ್ದವು.

"ಕೆಂಪಿನಲ್ಲಿ ಏನಿತ್ತು?"

"ಸ್ಕೂಲ್ ಲಂಗ ಎರಡು, ಒಂದು ಪೈಜಾಮ, ನರ್ಸಮ್ಮನ ಬಿಳಿ ಕೋಟು. ಎಲ್ಲಾ ಅಂಚು ಮಡಿಸಿ ಹೊಲಿಯೋ ಕೆಲಸ."

"ಬಿಳಿಯಲ್ಲಿ?"

"ವಕೀಲರ ಉಣ್ಣೆ ಕೋಟು. ಹೊಚ್ಚ ಹೊಸದು."

"ಅದನ್ನ ಬಿಟ್ಟು ಪೈಜಾಮ ಕದ್ನಾ?" ಚಿಕ್ಕಮ್ಮ ಹುಬ್ಬೇರಿಸಿದಳು. "ಒಂದು ಲೋಟ ಟೀ ಮಾಡು. ಹಾಲು ಹೇಗೂ ಕೈಯಲ್ಲೇ ಇದೆಯಲ್ಲ."

ಟೀ ಬಂತು. ಪ್ರಶ್ನೆಗಳೂ ಬಂದವು.

"ಈ ಮೆಷಿನ್ ಮೇಲೆ ಯಾರಿಗೆ ಕಣ್ಣಿತ್ತು?"

ಅಕ್ಕ ಸೆರಗಿನ ತುದಿ ತಿರುಚಿದಳು. "ಹಳೇ ಸಾಮಾನು ಕೊಳ್ಳೋನು ನಿನ್ನೆ ಬಂದು ನೋಡಿದ್ದ. ಇವತ್ತು ಹನ್ನೊಂದಕ್ಕೆ ತಗೊಂಡು ಹೋಗೋದಿತ್ತು."

"ಮಾರ್ತಿದ್ಯಾ? ಯಾಕೆ?"

ಆಗ ಹೊರಬಿತ್ತು ವಿಷಯ. ಟೈ ಕಟ್ಟಿದ ಒಬ್ಬ ಸಾಹೇಬ ಎರಡು ವಾರದಿಂದ ಬೀದಿಯಲ್ಲಿ ಓಡಾಡುತ್ತಿದ್ದ. ಒಮ್ಮೆ ಠೇವಣಿ ಕಟ್ಟಿದರೆ ಸಾಕು, ಪ್ರತಿ ಸೋಮವಾರ ಹಣ ಮನೆಗೇ ಬರುತ್ತದಂತೆ. ಇಂದು ಸಂಜೆ ಐದಕ್ಕೆ ಕೊನೆಯ ಗಡುವು.

"ಅದಕ್ಕೆ ನೀನು ಮಾಡಬೇಕಾದ ಕೆಲಸ?"

"ಏನೂ ಇಲ್ಲ. ಇನ್ನಿಬ್ಬರನ್ನ ಸೇರಿಸಿದ್ರೆ ಆಯ್ತು."

"ಅವರ ಕೆಲಸ?"

"ಅವರೂ... ಇನ್ನಿಬ್ಬರನ್ನ..."

ಚಿಕ್ಕಮ್ಮ ನನ್ನ ಕಡೆ ನೋಡಿದಳು. ನಾನು ಗೋಡೆ ನೋಡಿದೆ.

"ನನಗೇನು ಬಂಗ್ಲೆ ಬೇಕಾಗಿತ್ತಾ?" ಅಕ್ಕ ಲೋಟ ಕೆಳಗಿಟ್ಟಳು. "ಇವರು ದಿನಾ ಎರಡು ಶಿಫ್ಟ್ ಬಸ್ ಓಡಿಸ್ತಾರೆ. ಬೆನ್ನು ಸೆಟೆದು ಹೋಗಿದೆ. ಎರಡನೇ ಶಿಫ್ಟ್ ಬಿಡಿಸಬೇಕು ಅಂತ ಎಷ್ಟು ಹೊಲಿದ್ರೂ ಸಾಲ್ತಿಲ್ಲ. ಈಗ ಮೆಷಿನ್ನೂ ಇಲ್ಲ, ಠೇವಣೀನೂ ಇಲ್ಲ."

ಒಂಬತ್ತಕ್ಕೆ, ಸುದ್ದಿ ಕೇಳಿ ಭಾವ ಖಾಕಿ ಬಟ್ಟೆಯಲ್ಲೇ ಬಂದರು. ಚಿಕ್ಕಮ್ಮ ಅವರನ್ನು ಕೂರಲೂ ಬಿಡಲಿಲ್ಲ.

"ಮೆಷಿನ್ ಮಾರಬೇಡ ಅಂತ ನಿನ್ನೆ ಜಗಳ ಆಡಿದ್ರಂತೆ?"

"ಆಡಿದೆ. ಅದಕ್ಕೆ ನಾನೇ ಕದೀತೀನಾ? ಐದು ಗಂಟೆಗೆ ಬಸ್ ತೆಗೆದಿದ್ದೀನಿ. ಅರವತ್ತು ಜನ ಸಾಕ್ಷಿ!"

"ಮೆಷಿನ್ನಿನ ಬೆಲ್ಟು ಬಿಚ್ಚೋಕೆ ಬರುತ್ತಾ?"

"ಅದಕ್ಕೆ ಬೆಲ್ಟ್ ಬೇರೆ ಇರುತ್ತಾ?" ಎಂದರು ಭಾವ. ಹದಿನೆಂಟು ವರ್ಷ ಅದೇ ಮೆಷಿನ್ನಿನ ಪಕ್ಕ ಕುಳಿತು ಊಟ ಮಾಡಿದವರು.

ಇನ್ನು ಉಳಿದವರು ಅತ್ತೆ.

"ಬೀಗಿತ್ತಿಯವರೇ, ನಿಮಗೇನೂ ಸದ್ದು ಕೇಳಲಿಲ್ವಾ?"

"ಸ್ನಾನಕ್ಕೆ ಹೋಗಿದ್ದೆ," ಎಂದರು ಅವರು, ಕಿಟಕಿಯಾಚೆ ನೋಡುತ್ತ. "ಹೋಗ್ಲಿ ಬಿಡಿ. ದಿನವಿಡೀ ಆ ಟಕಟಕ ಕೇಳಿ ನನಗೂ ತಲೆನೋವು. ನನ್ನ ಮೆಷಿನ್ನೂ ಹೀಗೇ ಕಳುವಾಗಿತ್ತು, ಇವನು ಚಿಕ್ಕವನಿದ್ದಾಗ. ನಾನೇನು ಸತ್ತುಹೋದ್ನಾ?"

ಅಕ್ಕ ಅಡುಗೆಮನೆಗೆ ನಡೆದಳು. ನಾನೂ ಚಿಕ್ಕಮ್ಮನೂ ಹಿಂದೆಯೇ ಹೋದೆವು.

"ನೋಡಿದ್ಯಾ ಚಿಕ್ಕಮ್ಮ? ನನ್ನ ಹೊಟ್ಟೆ ಉರೀತಿದೆ, ಅವರು ಬೆಳಿಗ್ಗೆಯಿಂದ ಪೌಡರ್ ಹಾಕ್ಕೊಂಡು ಕೂತಿದ್ದಾರೆ!"

ಅತ್ತೆಯನ್ನು ಮನೆಯಲ್ಲಿ ಬಿಟ್ಟು ನಾವೆಲ್ಲ ಬೀದಿಯ ಉದ್ದಕ್ಕೂ ಹುಡುಕಿ, ವಿಚಾರಿಸಿ ಬಂದೆವು. ಹನ್ನೊಂದಕ್ಕೆ ಹಳೇ ಸಾಮಾನಿನವನು ಬಂದ. ವಿಷಯ ಕೇಳಿ ಅವನೇ ಎಲ್ಲರಿಗಿಂತ ಹೆಚ್ಚು ಬೇಸರಗೊಂಡ.

"ಕದ್ರಾ? ನಾನಲ್ಲದೆ ಆ ಮೆಷಿನ್ನನ್ನ ಈ ಸುತ್ತಮುತ್ತ ಯಾರು ಕೊಳ್ತಾರಮ್ಮ? ಕದ್ದೋನೂ ನನ್ನ ಹತ್ರಾನೇ ಬರಬೇಕು!"

"ನೀವಿಲ್ಲೇ ಕೂತ್ಕೊಳ್ಳಿ," ಎಂದಳು ಚಿಕ್ಕಮ್ಮ. "ಕಳ್ಳರು ಮನೇಲೇ ಇದ್ದಾರೆ."

ಭಾವ ಎದ್ದು ನಿಂತರು — ಬೆನ್ನು ಹಿಡಿದುಕೊಂಡೇ.

"ಮೊದಲನೇದು ಬೆಲ್ಟು. ಹೊರಗಿನ ಕಳ್ಳ ಕತ್ತರಿಸಿ ಎಸೀತಿದ್ದ. ಇದನ್ನ ಬಿಚ್ಚಿ ಮೊಳೆಗೆ ಹಾಕಿದ್ದಾರೆ. ಮತ್ತೆ ಬೇಕಾಗುತ್ತೆ ಅಂತ ಗೊತ್ತಿತ್ತು. ಎರಡನೇದು ಕೆಂಪು ಪಟ್ಟಿ. ಇವತ್ತಿನ ಗಿರಾಕಿಗಳು ಬರಿಗೈಯಲ್ಲಿ ಹೋಗಬಾರದು ಅನ್ನೋ ಕಾಳಜಿ ಯಾವ ಕಳ್ಳನಿಗಿರುತ್ತೆ? ಪಟ್ಟಿಯ ಅರ್ಥ ಗೊತ್ತಿರೋರು ಈ ಮನೆಯವರು ಮಾತ್ರ."

"ಆದ್ರೆ ಅಷ್ಟು ಭಾರ..." ಎಂದೆ ನಾನು.

"ಎತ್ತೋದು ಯಾಕೋ? ಸ್ಟೂಲಿಗೆ ಒರಗಿಸಿ, ಕಂಬಳಿಗೆ ಇಳಿಸಿ, ಎಳೆದ್ರೆ ಆಯ್ತು. ಅರ್ಧ ಗಂಟೆ ಧಾರಾಳ. ಆದ್ರೆ ಮೆಷಿನ್ ಒರಗಿಸಿದಾಗ ಒಂದು ತೊಂದರೆ ಇದೆ — ಎಣ್ಣೆ ಸೋರುತ್ತೆ." ಚಿಕ್ಕಮ್ಮ ಕುರ್ಚಿಯ ಬಳಿ ಹೋಗಿ ಶಾಲಿನ ತುದಿಯನ್ನು ಮೆಲ್ಲಗೆ ಕೈಗೆತ್ತಿಕೊಂಡಳು. "ಎಣ್ಣೆ ಕಲೆ ಬಿದ್ದ ತಕ್ಷಣ ಪೌಡರ್ ಉದುರಿಸಬೇಕು, ಹೀರಿಕೊಳ್ಳುತ್ತೆ. ಮೂವತ್ತು ವರ್ಷ ಗಿರಾಕಿಗಳಿಗೆ ಹೇಳಿದ್ದೀನಿ, ಯಾರೂ ಕೇಳಲಿಲ್ಲ. ಹೊಲಿಗೆ ಗೊತ್ತಿರೋರಿಗೆ ಹೇಳೋದೇ ಬೇಡ. ಪೌಡರ್ ಇರೋದು ಶಾಲಿನ ಮೇಲೆ ಕಣೇ, ನಿಮ್ಮತ್ತೆ ಮುಖದ ಮೇಲಲ್ಲ."

ಎಲ್ಲರೂ ಆ ಮುಖ ನೋಡಿದೆವು. ಅದು ಕೆಂಪಾಗಿತ್ತು.

ಭಾವ ಅಮ್ಮನ ಕೋಣೆಗೆ ಹೋಗಿ ಮಂಚದ ಕೆಳಗಿನ ಟ್ರಂಕ್ ಸರಿಸಿದರು. ಹಿಂದೆ, ಕಂಬಳಿ ಹೊದ್ದು ಮೆಷಿನ್ ಮಲಗಿತ್ತು. ಪಕ್ಕದಲ್ಲಿ ಕೆಂಪು ಪಟ್ಟಿಯ ಮೂರು ಗಂಟು. ಅಕ್ಕ ಒಂದನ್ನು ಅತ್ತೆಯ ಮುಂದೆ ತಂದು ಬಿಚ್ಚಿದಳು. ಲಂಗದ ಅಂಚು ಕೈಯಲ್ಲೇ ಹೊಲಿದು ಮುಗಿದಿತ್ತು. ಹೊಲಿಗೆ ಎಷ್ಟು ಸಣ್ಣದೆಂದರೆ ಹೊರಗಿನಿಂದ ಕಾಣುತ್ತಲೇ ಇರಲಿಲ್ಲ.

"ಯಾವಾಗ ಹೊಲಿದ್ರಿ ಅತ್ತೆ?"

"ನೀವೆಲ್ಲ ಬೀದಿಯಲ್ಲಿ ಕಳ್ಳನ್ನ ಹುಡುಕ್ತಿದ್ರಲ್ಲ, ಆಗ. ಪೈಜಾಮ ಇನ್ನೂ ಬಾಕಿ ಇದೆ."

"ಮಾರಬೇಡ ಅಂತ ಬಾಯಿಬಿಟ್ಟು ಹೇಳಬಾರದಿತ್ತಾ?"

"ಇವನು ಹೇಳಿದ್ನಲ್ಲ, ಕೇಳಿದ್ಯಾ? ಸಂಜೆ ಐದು ಗಂಟೆ ಕಳೆದ್ರೆ ಸಾಕಿತ್ತು. ಆಮೇಲೆ ನಾನೇ ತೋರಿಸ್ತಿದ್ದೆ." ಅತ್ತೆ ಸ್ವಲ್ಪ ಹೊತ್ತು ಶಾಲಿನ ಕಲೆಯನ್ನೇ ಸವರಿದರು. "ಕೇಳಿಸ್ಕೋ. ನನ್ನ ಮೆಷಿನ್ ಕಳುವಾಗಿರಲಿಲ್ಲ. ನಾನೇ ಮಾರಿದ್ದೆ. ಆಗಲೂ ಒಬ್ಬ ಬಂದಿದ್ದ, ಒಂದಕ್ಕೆ ಮೂರು ಕೊಡ್ತೀನಿ ಅಂತ. ಟೈ ಇರಲಿಲ್ಲ ಅಷ್ಟೇ. ದುಡ್ಡು ತಗೊಂಡು ಹೋದೋನು ಇವತ್ತಿಗೂ ಬಂದಿಲ್ಲ. ನಾಚಿಕೆ ಆಯ್ತು. ಕಳ್ಳ ಕದ್ದ ಅಂದೆ."

ಭಾವನ ಬಾಯಿ ತೆರೆದದ್ದು ಮುಚ್ಚಲಿಲ್ಲ. "ಅಮ್ಮಾ, ಆ ಕಳ್ಳನಿಗೆ ಹೆದರಿ ನಾನು ಎಷ್ಟು ವರ್ಷ ದೀಪ ಹಚ್ಕೊಂಡು ಮಲಗಿದ್ದೀನಿ ಗೊತ್ತಾ?"

"ಗೊತ್ತು ಮಗಾ. ಆಗಲೂ ಹೇಳೋಕೆ ಆಗಲಿಲ್ಲ."

ಅಕ್ಕ ಅತ್ತೆಯ ಕಾಲ ಬಳಿ ಕುಳಿತು, ಅವರ ಮಂಡಿಯ ಮೇಲೆ ತಲೆಯಿಟ್ಟು ಗಳಗಳನೆ ಅತ್ತಳು. ನೋಯುವ ಮಂಡಿಯೇ ಅದು. ಅತ್ತೆ ಕಾಲು ಸರಿಸಲಿಲ್ಲ. ನನ್ನ ಕಣ್ಣೂ ತುಂಬಿತು.

ಹಳೇ ಸಾಮಾನಿನವನು ಕೆಮ್ಮಿದ. "ಹಾಗಾದ್ರೆ ನಾನು ಹೊರಡಲಾ?"

"ನಿಲ್ಲಿ," ಎಂದಳು ಚಿಕ್ಕಮ್ಮ. "ನಿಮ್ಮ ಪ್ಯಾಂಟು ಎರಡು ಬೆರಳು ಉದ್ದ ಇದೆ. ನಾಳೆ ತಂದುಕೊಡಿ. ನೀಲಿ ಪಟ್ಟಿ ಕಟ್ತಾರೆ."

ಮಧ್ಯಾಹ್ನ ಮೆಷಿನ್ ತನ್ನ ಕಬ್ಬಿಣದ ಕಾಲುಗಳ ಮೇಲೆ ಮತ್ತೆ ನಿಂತಿತು. ಅಂಚಿನ ಕೆಲಸವೆಲ್ಲ ಇನ್ನು ಅತ್ತೆಯದು, ಅದರ ಕೂಲಿಯೂ ಅವರದೇ ಎಂದು ಅಕ್ಕ ಪಟ್ಟು ಹಿಡಿದಳು. ಕೂಲಿ ಮಗನ ಬೆನ್ನಿಗೆ ಸೇರಲಿ ಎಂದು ಅತ್ತೆ ಅದಕ್ಕಿಂತ ಬಲವಾಗಿ ಹಿಡಿದರು. ಹೀಗೆ ಇಬ್ಬರೂ ದುಡಿದರೆ ಎರಡನೇ ಶಿಫ್ಟನ್ನು ಮೊದಲು ವಾರಕ್ಕೆ ಎರಡು ದಿನವಾದರೂ ಬಿಡಬಹುದು ಎಂಬಲ್ಲಿಗೆ ಮಾತು ನಿಂತಿತು.

ಐದಕ್ಕೆ ಹತ್ತು ನಿಮಿಷ ಇರುವಾಗ ಫೋನ್ ಬಡಿದುಕೊಂಡಿತು. ಟೈ ಸಾಹೇಬ. ಅಕ್ಕ ಪೆಡಲ್ ತುಳಿಯುತ್ತಲೇ ಅತ್ತೆಯ ಮುಖ ನೋಡಿದಳು. ಅತ್ತೆ ಕೈಚಾಚಿ ಫೋನ್ ತೆಗೆದುಕೊಂಡರು.

"ಠೇವಣಿ ಆಗಲ್ಲಪ್ಪ. ಮನೇಲಿ ಮೆಷಿನ್ ಕಳುವಾಗಿದೆ... ಏನು? ಟಕಟಕ ಸದ್ದಾ? ಹೂಂ, ಕೇಳಿಸ್ತಾ ಇದೆ," ಎಂದರು ಅತ್ತೆ, ಪೈಜಾಮದ ದಾರ ಹಲ್ಲಿನಿಂದ ಕಡಿಯುತ್ತ. "ನನಗೀಗ ತಲೆನೋವಿಲ್ಲ."