ಎರ್ಮಿನಾ ಮೂರು ಸಲ ತಪ್ಪಿದ ಸ್ತೋತ್ರ

ಬಹಳ ಹಿಂದೆ, ಏಳು ಬೆಟ್ಟಗಳಾಚೆ, ವಾಲ್ಮೋರ ಎಂಬ ರಾಜ್ಯದಲ್ಲಿ ಸಂತ ಬೆನೆಡಿಕ್ಟರ ನೇಮ ಪಾಲಿಸುವ ಸನ್ಯಾಸಿನಿಯರ ಮಠವಿತ್ತು. ಅವರು ದಿನಕ್ಕೆ ಏಳು ಸಲ ಹಾಡುತ್ತಿದ್ದರು. ಆ ಹಾಡು ಕೇಳಿಸುವಷ್ಟು ದೂರ ಗೊರ್ಮಂದನೆಂಬ ಮಾಂತ್ರಿಕನ ಆಟ ನಡೆಯುತ್ತಿರಲಿಲ್ಲ. ಹೊಟ್ಟೆಕಿಚ್ಚಿನ ಮುದುಕ, ಹೊಂಚು ಹಾಕಿದ. ಸನ್ಯಾಸಿನಿಯರು ಊಟಕ್ಕೆ ಕೂತರೆ ಮಾತಿಲ್ಲ, ಹಾಡಿಲ್ಲ. ಆ ಮೌನದಲ್ಲಿ ನುಗ್ಗಿ ಎಲ್ಲರನ್ನೂ ಕಲ್ಲು ಮಾಡಿಬಿಟ್ಟ.

ಉಳಿದವಳು ಕಿರಿಯ ಸನ್ಯಾಸಿನಿ ಎರ್ಮಿನಾ ಒಬ್ಬಳೇ. ಪುಸ್ತಕದ ಹಾಳೆಗೆಂದು ಕರುವಿನ ಚರ್ಮ ತೊಳೆಯಲು ಹೊಳೆಗೆ ಹೋಗಿದ್ದಳು. ಬಂದು ನೋಡಿ ಅತ್ತಳು. ಅತ್ತು ಮುಗಿಸಿ ಮಾಂತ್ರಿಕನೆದುರು ನಿಂತಳು.

“ಇವರನ್ನ ಎಬ್ಬಿಸೋದು ಹೇಗೆ, ಹೇಳು.”

“ಹೊತ್ತು ಮುಳುಗೋದರೊಳಗೆ ನಿಮ್ಮ ಹಬ್ಬದ ಸ್ತೋತ್ರಾನ ತಪ್ಪಿಲ್ಲದೆ ಹಾಡು, ಏಳ್ತಾರೆ. ಇಲ್ಲದಿದ್ರೆ ಎಂದೆಂದಿಗೂ ಕಲ್ಲೇ,” ಎಂದು ಗೊರ್ಮಂದ ನಕ್ಕ. “ತಪ್ಪಿ ಮಂಡಿಯೂರಿದೆಯೋ, ನೀನೂ ಸ್ವಲ್ಪಸ್ವಲ್ಪವಾಗಿ ಕಲ್ಲಾಗ್ತೀಯ.”

ಹಾಡಿನಲ್ಲಿ ತಪ್ಪಿದವರು ಅಲ್ಲೇ ಮಂಡಿಯೂರಿ ಒಪ್ಪಿಕೊಳ್ಳಬೇಕು ಎಂಬುದು ಮಠದ ನೇಮ. ಕಳ್ಳನಿಗೆ ಅದು ಗೊತ್ತಿತ್ತು.

ಎರ್ಮಿನಾ ಪುಸ್ತಕ ಬಿಚ್ಚಿದಳು. ಅಕ್ಷರಗಳ ತಲೆಯ ಮೇಲೆ ಸಣ್ಣ ಗೀಟುಗಳು. ಗೀಟು ಏರಿದರೆ ದನಿ ಏರಬೇಕು, ಇಳಿದರೆ ಇಳಿಯಬೇಕು. ಎಷ್ಟು ಎಂಬುದನ್ನು ಮಾತ್ರ ಗುರುಮುಖದಿಂದಲೇ ಕಲಿಯಬೇಕು. ಗುರುಗಳು ಕಲ್ಲಾಗಿ ಕೂತಿದ್ದರು. ಅವಳಿಗಿದ್ದದ್ದು ಕೇಳಿದ ನೆನಪಷ್ಟೇ.

ಮೊದಲ ಸಲ ದನಿ ಅತಿಯಾಗಿ ಏರಿತು. ಮಂಡಿಯೂರಿದಳು. ಪಾದಗಳು ಕಲ್ಲಾದವು.

ಎರಡನೆಯ ಸಲ ಏರಿದ್ದು ಸಾಲದಾಯಿತು. ಮಂಡಿಯೂರಿದಳು. ಮಂಡಿಗಳೂ ಕಲ್ಲಾದವು, ಮತ್ತೆ ಏಳಲಾಗಲಿಲ್ಲ. ಕೂತಲ್ಲೇ ಹಾಡಿದಳು.

ಮೂರನೆಯ ಸಲ ಎಲ್ಲ ಸರಿಹೋಗಿ, ಕೊನೆಯ ಪದದಲ್ಲಿ ಉಸಿರು ಕೈಕೊಟ್ಟಿತು. ಕಿಟಕಿಯಲ್ಲಿ ಬೆರಳಗಲ ಬಿಸಿಲು ಉಳಿದಿತ್ತು.

“ಸಾಕು ಬಿಡೆ ಹುಚ್ಚಿ,” ಎಂದ ಗೊರ್ಮಂದ. “ಒಪ್ಪಿಕೋಬೇಡ. ಕಾಲು ಬಿಡಿಸಿಕೊಡ್ತೀನಿ, ಎದ್ದು ಹೋಗಿ ಬದುಕ್ಕೋ. ತಪ್ಪಿದ್ದು ಯಾರಿಗೆ ಗೊತ್ತಾಗುತ್ತೆ?”

“ನನಗೆ ಗೊತ್ತಲ್ಲ!” ಎಂದು ಎರ್ಮಿನಾ ತಲೆಬಾಗಿದಳು. ಸೊಂಟದವರೆಗೂ ಕಲ್ಲಾಯಿತು. ಆದರೂ ಮೊದಲಿನಿಂದ ಹಿಡಿದಳು. ಅತಿಯಾದದ್ದನ್ನು ತಗ್ಗಿಸಿ, ಸಾಲದ್ದನ್ನು ಏರಿಸಿ, ಕೊನೆಯ ಪದಕ್ಕೆಂದು ಉಸಿರು ಉಳಿಸಿಕೊಂಡು ಹಾಡಿ ಮುಗಿಸಿದಳು.

ಬಿಸಿಲು ಆರಿತು. ಸನ್ಯಾಸಿನಿಯರು ಕೆಮ್ಮುತ್ತ ಕಣ್ಣುಬಿಟ್ಟರು. ಎರ್ಮಿನಾಳ ಕಾಲಿಗೆ ಜೀವ ಬಂತು. ಆ ಕಲ್ಲೆಲ್ಲ ಗೊರ್ಮಂದನನ್ನೇ ಹೊಕ್ಕಿತು. ಮಾಡಿದ್ದುಣ್ಣೋ ಮಹಾರಾಯ! ಅವನನ್ನು ಹೊಳೆಗೆ ಉರುಳಿಸಿ ಬಟ್ಟೆ ಒಗೆಯುವ ಕಲ್ಲು ಮಾಡಿಕೊಂಡರು.

ಎರ್ಮಿನಾ ಮಠದ ಹಿರಿಯಮ್ಮ ಕ್ಲೋತಿಲ್ಡಾರ ಕಾಲಿಗೆ ಬಿದ್ದಳು. “ಅಮ್ಮಾ, ಮೂರು ಸಲ ತಪ್ಪಿದೆ.”

“ಕಲ್ಲಿನೊಳಗಿಂದಲೇ ಕೇಳ್ತಾ ಇದ್ವಿ, ಮಗಳೇ. ಮೂರು ಸಲವೂ ಮತ್ತೆ ಶುರುಮಾಡಿದೆಯಲ್ಲ, ಅದನ್ನೂ ಕೇಳಿದ್ವಿ,” ಎಂದು ಹಿರಿಯಮ್ಮ ಅವಳನ್ನು ಅಪ್ಪಿಕೊಂಡರು.

ಅಂದಿನಿಂದ ವಾಲ್ಮೋರದಲ್ಲಿ ಮಾಟದ ಸುಳಿವಿಲ್ಲ. ಎಲ್ಲರೂ ಹೊಟ್ಟೆ ತುಂಬ ಉಂಡು, ಕಣ್ತುಂಬ ನಿದ್ದೆ ಮಾಡಿ, ಸುಖವಾಗಿ ಬಾಳಿದರು.